ಬೇಡವೆನ್ನುವ ಹಕ್ಕು

ಪರೋಪಕಾರವು ದೊಡ್ಡದೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಪಠ್ಯಪುಸ್ತಕಗಳಲ್ಲಿ ಓದಿದ್ದೇವೆ, ಪ್ರಬಂಧಸ್ಪರ್ಧೆಗಳಲ್ಲಿ ಬರೆದು ಬಹುಮಾನವನ್ನೂ ಪಡೆದಿದ್ದೇವೆ. ಉಪಕಾರ ಮಾಡುವವನನ್ನು ಹೊಗಳುವ ಮಾತುಗಳು ನಮ್ಮಲ್ಲಿ ಹೇರಳವಾಗಿವೆ. ಆದರೆ ಉಪಕಾರವನ್ನು ಪಡೆಯುವವನಿಗೂ ಏನಾದರೊಂದು ಹಕ್ಕುಂಟೆ, ಉಂಟಾದರೆ ಅದು ಯಾವುದು, ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ಈ ಪ್ರಶ್ನೆ ನನ್ನಲ್ಲಿ ಪುಸ್ತಕದಿಂದ ಹುಟ್ಟಿದ್ದಲ್ಲ. ಒಬ್ಬ ಅಜ್ಜಿಯ ಮಾತಿನಿಂದ ಹುಟ್ಟಿದ್ದು. ಅದಕ್ಕೆ ಉತ್ತರವನ್ನು ಹುಡುಕುತ್ತ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತಾಗ ಅದು ನನ್ನನ್ನು ದಕ್ಷಿಣ ಅಮೆರಿಕದ ಒಂದು ಬೆಟ್ಟದೂರಿಗೆ ಕರೆದೊಯ್ದಿತು. ಆ ಊರಿನ ವೃತ್ತಾಂತವನ್ನೂ, ಅದರಿಂದ ನನ್ನ ಅಲ್ಪಬುದ್ಧಿಗೆ ಹೊಳೆದ ವಿಚಾರವನ್ನೂ ಸಹಪಾಠಿಗಳ ಮತ್ತು ಗುರುಗಳ ಮುಂದೆ ಇಡುವುದಷ್ಟೇ ಈ ಲೇಖನದ ಉದ್ದೇಶ.

ಮೊದಲು ಅಜ್ಜಿಯ ಮಾತು. ಕಳೆದ ವರ್ಷ ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ವಿಶೇಷ ಶಿಬಿರ ಸಮೀಪದ ಒಂದು ಹಳ್ಳಿಯಲ್ಲಿ ನಡೆಯಿತಷ್ಟೆ. ಹಳ್ಳಿಯ ಹೆಸರು ಬೇಡ. ತಪ್ಪು ಅವರದಲ್ಲ, ನಮ್ಮದು. ಬಚ್ಚಲ ನೀರು ಬೀದಿಗೆ ಹರಿಯದಿರಲೆಂದು ಹದಿನಾರು ಮನೆಗಳ ಮುಂದೆ ಇಂಗುಗುಂಡಿಗಳನ್ನು ತೋಡಿದೆವು. ಅಂಗೈಯಲ್ಲಿ ಬೊಕ್ಕೆಗಳೆದ್ದವು. ಸಮಾರೋಪದ ದಿನ ಹಾರ ಬಿತ್ತು, ಭಾಷಣವಾಯಿತು, ಭಾವಚಿತ್ರ ತೆಗೆದರು. ಹೆಮ್ಮೆಯಿಂದಲೇ ಮರಳಿದೆವು. ಆರು ತಿಂಗಳ ತರುವಾಯ ಗೆಳೆಯನ ಮನೆಯ ಮದುವೆಗೆಂದು ಅದೇ ಊರಿನ ಮೇಲೆ ಹೋಗುವಾಗ ನೋಡಿದೆ: ಎರಡನ್ನು ಬಿಟ್ಟರೆ ಮಿಕ್ಕ ಗುಂಡಿಗಳೆಲ್ಲ ಮುಚ್ಚಿದ್ದವು. ಒಂದರ ಜಾಗದಲ್ಲಿ ಗೂಟ ಹೊಡೆದು ಕರು ಕಟ್ಟಿದ್ದರು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯನ್ನು ಕೇಳಿದೆ: “ಯಾಕಜ್ಜಿ, ಗುಂಡಿ ಮುಚ್ಚಿಬಿಟ್ಟಿರಿ?”

“ಎರಡು ಮೊಳ ಕೆಳಕ್ಕೇ ಬಂಡೆ ಐತೆ ಮಗಾ, ನೀರು ಇಂಗಾಕಿಲ್ಲ. ಸೊಳ್ಳೆ ಆದವು, ಮುಚ್ಚಿದ್ವಿ.”

“ಮೊದಲೇ ಹೇಳಬಾರದಿತ್ತೆ?”

“ನೀವು ಕೇಳಿದ್ರಾ? ಓದೋ ಮಕ್ಕಳು, ಬಿಸಿಲಾಗೆ ಅಷ್ಟು ಕಷ್ಟ ಬೀಳ್ತಿದ್ರಿ. ಬೇಡ ಅನ್ನಾಕೆ ಬಾಯಿ ಹೆಂಗೆ ಬತ್ತದೆ?”

ನಾನು ತಲೆ ತಗ್ಗಿಸಿದೆ. ಏಕೆಂದರೆ ಬಂಡೆಯ ವಿಷಯ ನಮಗೂ ತಿಳಿಯದ್ದೇನಲ್ಲ. ಹಾರೆ ಠಣ್ ಎಂದಾಗ ‘ಇಷ್ಟು ಆಳ ಸಾಕು’ ಎಂದುಕೊಂಡು ಮುಂದಿನ ಮನೆಗೆ ನಡೆದಿದ್ದೆವು. ಹದಿನಾರೆಂದು ಮೊದಲೇ ವರದಿಯಲ್ಲಿ ಬರೆದಾಗಿತ್ತು. ಹದಿನಾರು ಆಗಬೇಕಿತ್ತು, ಆಯಿತು.

ಹದಿನೈದು ಕಿಲೋಮೀಟರ್ ಆಚೆಗಿನ, ನಮ್ಮದೇ ಮಾತನ್ನಾಡುವ ಊರಿನಲ್ಲಿ ನಮಗೆ ಹೀಗಾಯಿತು. ಹಾಗಿದ್ದ ಮೇಲೆ ಸಾಗರ ದಾಟಿ, ಭಾಷೆ ತಿಳಿಯದ ಬಡ ಹಳ್ಳಿಗಳಿಗೆ ಸೇವೆಗೆಂದು ಹೋಗುವ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಏನಾಗಿರಬೇಕು? ಈ ಕುತೂಹಲದಿಂದ ಓದತೊಡಗಿದಾಗ ನನಗೆ ಸಿಕ್ಕಿದ್ದು ಪೆರು ದೇಶದ ವಿಕೋಸ್ ಎಂಬ ಊರು.

ವಿಕೋಸ್ ಇರುವುದು ಆಂಡೀಸ್ ಪರ್ವತಗಳ ಕಣಿವೆಯೊಂದರಲ್ಲಿ. ಅಲ್ಲಿನವರು ಕೆಚುವಾ ಭಾಷೆಯನ್ನಾಡುವ ಮೂಲನಿವಾಸಿಗಳು. ಆಲೂಗಡ್ಡೆ ಅವರ ಮುಖ್ಯ ಬೆಳೆ. 1952ರ ಸುಮಾರಿಗೆ ಅಲ್ಲಿ 1,700ರಷ್ಟು ಜನರಿದ್ದರು. ಊರಿನ ನೆಲ ಅವರದಾಗಿರಲಿಲ್ಲ. ವರಾಸ್ ಪಟ್ಟಣದ ಒಂದು ದತ್ತಿಸಂಸ್ಥೆ ಅದರ ಒಡೆತನ ಹೊಂದಿದ್ದು, ಹೆಚ್ಚು ಹಣ ಕೂಗಿದವರಿಗೆ ಕೆಲವು ವರ್ಷಗಳ ಮಟ್ಟಿಗೆ ಗುತ್ತಿಗೆ ಕೊಡುತ್ತಿತ್ತು. ಗುತ್ತಿಗೆ ಹಿಡಿದವನಿಗೆ ನೆಲದೊಂದಿಗೆ ಜನರೂ ಸಲ್ಲುತ್ತಿದ್ದರು. ತಮ್ಮ ಹೊಟ್ಟೆಪಾಡಿಗೆ ಒಂದು ತುಂಡು ಹೊಲವನ್ನು ಉಳುವುದಕ್ಕಾಗಿ ಪ್ರತಿ ಕುಟುಂಬವೂ ವಾರಕ್ಕೆ 3 ದಿನ ಧಣಿಯ ಹೊಲದಲ್ಲಿ ದುಡಿಯಬೇಕು. ಅದಲ್ಲದೆ ಅವನ ಮನೆಯ ಅಡಿಗೆ, ಕುದುರೆಯ ಚಾಕರಿ, ಹಂದಿ ಕಾಯುವುದು, ಕಾವಲು, ಇವೆಲ್ಲ ಬಿಟ್ಟಿ. ದಾನಧರ್ಮಕ್ಕಾಗಿ ಹುಟ್ಟಿದ ಸಂಸ್ಥೆಯೊಂದು ಮನುಷ್ಯರನ್ನು ಗುತ್ತಿಗೆ ಕೊಟ್ಟು ಧರ್ಮ ಮಾಡುತ್ತಿತ್ತೆಂಬುದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಸುಮ್ಮನೆ ಕುಳಿತದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನನ್ನ ತಾತ ಜೀತಕ್ಕಿದ್ದವರು. ಅವರ ತಂದೆ ಮಗಳ ಮದುವೆಗೆಂದು ತಂದ ಸಾಲಕ್ಕೆ ಮಗನ ಮೈಯೇ ಒತ್ತೆಯಾಗಿತ್ತು. ಜೀತಪದ್ಧತಿಯನ್ನು ರದ್ದು ಮಾಡಿದ ಕಾನೂನು 1976ರಲ್ಲಿ ಬಂತು. ಅದು ತಾತನ ಕಿವಿಗೆ ಬೀಳಲು ಇನ್ನೂ ಕೆಲವು ವರ್ಷಗಳೇ ಹಿಡಿದವು. “ಧಣಿ ಕರೆದರೆ ಉಣ್ಣೋ ತಟ್ಟೆ ಬಿಟ್ಟು ಏಳಬೇಕು. ಒಲ್ಲೆ ಅನ್ನೋ ಮಾತು ನಮ್ಮ ಬಾಯಾಗೆ ಇರ್ನಿಲ್ಲ” ಎಂದು ಅವರು ಹೇಳುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಭೂಗೋಳದ ಇನ್ನೊಂದು ಮಗ್ಗುಲಿನಲ್ಲಿರುವ ವಿಕೋಸಿನವರು ಹೀಗೆ ನನಗೆ ನೆಂಟರಾದರು.

ಈ ಊರನ್ನು ಓದುವುದಕ್ಕೆ ಮೊದಲು ಬಂದವರಲ್ಲಿ ಲಿಮಾ ನಗರದ ಸಾನ್ ಮಾರ್ಕೋಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಾರಿಯೋ ವಾಸ್ಕೆಸ್ ಒಬ್ಬ. ಆತ ಪೆರು ದೇಶದವನೇ. ಅವನು ಅಲ್ಲಿ ಅಧ್ಯಯನಕ್ಕೆ ತೊಡಗಿದ್ದು 1949ರಲ್ಲಿ. ಮೂರು ವರ್ಷಗಳ ಬಳಿಕ, 1952ರಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಲನ್ ಹೋಮ್‌ಬರ್ಗ್ ಒಂದು ವಿಚಿತ್ರವಾದ ಕೆಲಸ ಮಾಡಿದರು. ಪೆರುವಿನ ಮೂಲನಿವಾಸಿಗಳ ಸಂಸ್ಥೆಯೊಡನೆ ಸೇರಿ, ತಮ್ಮ ವಿಶ್ವವಿದ್ಯಾಲಯದ ಪರವಾಗಿ ವಿಕೋಸನ್ನು ಐದು ವರ್ಷಗಳಿಗೆ ತಾವೇ ಗುತ್ತಿಗೆ ಹಿಡಿದರು. ಹೊಸ ಧಣಿಯಾಗಿ ಬಂದದ್ದು ಒಂದು ವಿಶ್ವವಿದ್ಯಾಲಯ!

ಅವರು ಮಾಡಿದ್ದೇನು? ಮೊದಲಿಗೆ ಬಿಟ್ಟಿ ಚಾಕರಿಯನ್ನು ನಿಲ್ಲಿಸಿದರು. ಕೆಲಸಕ್ಕೆ ಕೂಲಿ ಗೊತ್ತುಪಡಿಸಿದರು. ಒಳ್ಳೆಯ ಬಿತ್ತನೆಯ ಆಲೂಗಡ್ಡೆ, ಗೊಬ್ಬರ, ರೋಗಕ್ಕೆ ಔಷಧಿ ತರಿಸಿದರು. ಬಂದ ಲಾಭವನ್ನು ಹೊರಗೆ ಒಯ್ಯದೆ ಊರಿಗೇ ಹಾಕಿದರು. ಹಿಡಿಯಷ್ಟು ಮಕ್ಕಳಿದ್ದ ಶಾಲೆಗೆ ಊರವರ ಶ್ರಮದಿಂದಲೇ ಹೊಸ ಕಟ್ಟಡವೆದ್ದಿತು. ಆದರೆ ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮಿಗಿಲಾದುದು ಇನ್ನೊಂದು. ವಾರಕ್ಕೊಮ್ಮೆ ದುಡಿಯುವವರನ್ನೆಲ್ಲ ಕಲೆಹಾಕಿ, ಮುಂದಿನ ಕೆಲಸವೇನು, ಹೇಗೆ ಎಂಬುದನ್ನು ಮಾತಿಗಿಡುವ ಪದ್ಧತಿ ಅಲ್ಲಿ ಬೆಳೆಯಿತು. ಮೊದಮೊದಲು ಯಾರು ತಾನೇ ಮಾತಾಡಿಯಾರು? ತಲೆತಲಾಂತರದಿಂದ ಆಡದ ಬಾಯಿ ಒಂದು ವಾರಕ್ಕೆ ತೆರೆಯುವುದಿಲ್ಲ. ಆದರೂ 1957ರ ಹೊತ್ತಿಗೆ ಊರವರು ತಾವೇ ಆರಿಸಿದ 10 ಮಂದಿ ಪ್ರತಿನಿಧಿಗಳು ಊರಿನ ಆಡಳಿತವನ್ನು ಕೈಗೆತ್ತಿಕೊಂಡರು. 1962ರಲ್ಲಿ ವಿಕೋಸಿನ ಜನ ತಮ್ಮ ನೆಲವನ್ನು ತಾವೇ ಕೊಂಡುಕೊಂಡರು. ಗುತ್ತಿಗೆಯ ಕಾಲ ಮುಗಿಯಿತು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆಂದು ಮಂಗಳ ಹಾಡಬಹುದಿತ್ತು. ಹಾಡಬಾರದು. ಏಕೆಂದರೆ ನನ್ನ ಮನಸ್ಸನ್ನು ಹಿಡಿದ ಸಂಗತಿ ಅನಂತರದ್ದು.

1960ರ ಅಕ್ಟೋಬರ್ 14ರ ನಡುರಾತ್ರಿ ಕಳೆದ ಮೇಲೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮುಂದೆ ಅಧ್ಯಕ್ಷ ಪದವಿಯ ಉಮೇದುವಾರ ಕೆನಡಿಯವರು ನಿಂತು, ದೂರದ ಬಡದೇಶಗಳಲ್ಲಿ ದುಡಿಯಲು ನಿಮ್ಮಲ್ಲೆಷ್ಟು ಮಂದಿ ಸಿದ್ಧರಿದ್ದೀರಿ ಎಂದು ಕೇಳಿದರು. ಅದರ ಫಲವಾಗಿ 1961ರಲ್ಲಿ ‘ಪೀಸ್ ಕೋರ್’ ಎಂಬ ಸೇವಾದಳ ಹುಟ್ಟಿತು. ಆಗಷ್ಟೇ ಪದವಿ ಪಡೆದ ಅನೇಕ ತರುಣ ತರುಣಿಯರು ಅದರಲ್ಲಿ ಸೇರಿ ನಾನಾ ದೇಶಗಳಿಗೆ ಹೊರಟರು. ಕೆಲವರು ವಿಕೋಸಿಗೂ ಬಂದರು. ಅವರು ಕೆಟ್ಟವರೇನಲ್ಲ, ನಮ್ಮ ಹಾಗೆಯೇ ಉತ್ಸಾಹಿಗಳು. ಆದರೆ ಊರವರಿಗೆ ಅವರ ನಡವಳಿಕೆಯ ಬಗ್ಗೆ ಅಸಮಾಧಾನ ಬೆಳೆಯಿತು. 1964ರಲ್ಲಿ ವಿಕೋಸಿನ ಜನ ಸಭೆ ಸೇರಿ, ನೀವಿನ್ನು ಹೊರಡಬಹುದು ಎಂದು ತೀರ್ಮಾನಿಸಿ ಹೇಳಿದರು. ಬಳಿಕ, ಅವರ ಪೈಕಿ ತಮಗೆ ಬೇಕಾದ ಕೆಲವರನ್ನು ಮಾತ್ರ ಮರಳಿ ಕರೆದರು.

ವಾಚಕರು ಇದನ್ನು ಸ್ವಲ್ಪ ಆಲೋಚಿಸಬೇಕೆಂದು ನನ್ನ ಬಿನ್ನಹ. ಹನ್ನೆರಡೇ ವರ್ಷಗಳ ಹಿಂದೆ ಧಣಿಯ ಕುದುರೆಗೆ ಹುಲ್ಲು ಹಾಕುವುದಕ್ಕೂ ‘ಒಲ್ಲೆ’ ಎನ್ನಲಾಗದಿದ್ದ ಜನ, ಈಗ ಜಗತ್ತಿನ ಅತ್ಯಂತ ಬಲಶಾಲಿ ದೇಶದಿಂದ ಬಂದ ಅತಿಥಿಗಳಿಗೆ, ಅವರು ಉಪಕಾರಕ್ಕಾಗಿ ಬಂದವರೆಂದು ತಿಳಿದೂ, ‘ಸಾಕು’ ಎಂದರು. ಇದನ್ನು ಕೆಲವರು ಕೃತಘ್ನತೆ ಎಂದಾರು. ನನಗೆ ಹಾಗೆ ತೋರುವುದಿಲ್ಲ. ಆಲೂಗಡ್ಡೆಯ ಇಳುವರಿಗಿಂತ, ಶಾಲೆಯ ಕಟ್ಟಡಕ್ಕಿಂತ ವಿಕೋಸಿನಲ್ಲಿ ಬೆಳೆದ ಅತ್ಯುತ್ತಮ ಫಸಲು ಆ ‘ಸಾಕು’ ಎಂಬ ಮಾತೇ. ಒಂದು ಊರು ಅಭಿವೃದ್ಧಿ ಹೊಂದಿತೋ ಇಲ್ಲವೋ ಎಂಬುದನ್ನು ಅಳೆಯುವ ಕೋಲು ಇದೇ ಎಂದು ನಾನು ನಂಬುತ್ತೇನೆ: ತನಗೆ ಸಹಾಯ ಮಾಡಲು ಬಂದವರಿಗೆ ಆ ಊರು ಬೇಡವೆನ್ನಬಲ್ಲುದೆ?

ವಿಕೋಸಿನಲ್ಲಿ ಎಲ್ಲವೂ ಸರಿಯಿತ್ತೆಂದು ನಾನು ಹೇಳುವುದಿಲ್ಲ. 1952ರಲ್ಲಿ ವಿಶ್ವವಿದ್ಯಾಲಯವು ಗುತ್ತಿಗೆ ಹಿಡಿದಾಗ ‘ನಾವು ಬರಬಹುದೆ’ ಎಂದು ಊರವರನ್ನು ಕೇಳಿ ಬಂದದ್ದಲ್ಲ. ಧಣಿಯ ಗದ್ದುಗೆಯಲ್ಲಿ ಕುಳಿತೇ ಧಣಿತನವನ್ನು ಕಳೆಯಹೊರಟದ್ದು. ಅದರಿಂದ ಹೆಂಗಸರಿಗೆ ಆದ ಲಾಭವೆಷ್ಟೆಂದು ಮುಂದಿನ ವಿದ್ವಾಂಸರು ಪ್ರಶ್ನಿಸಿದ್ದಾರೆ. ಸಭೆ, ಪ್ರತಿನಿಧಿತ್ವ, ಹೊಸ ಬೇಸಾಯ ಎಲ್ಲ ಬಹುಮಟ್ಟಿಗೆ ಗಂಡಸರ ಪಾಲಾಯಿತೆಂಬುದು ಅವರ ಆಕ್ಷೇಪ. ಆಕ್ಷೇಪ ನ್ಯಾಯವಾದುದೇ. ಬೇಡವೆನ್ನುವ ಹಕ್ಕು ಊರಿಗೆ ಬಂದರೆ ಸಾಲದು. ಊರಿನೊಳಗೆ ಅದು ಯಾರ ಬಾಯಿಗೆ ಬಂತೆಂಬುದನ್ನೂ ನೋಡಬೇಕು.

ಇಲ್ಲಿ ಒಂದು ದೊಡ್ಡ ಆಕ್ಷೇಪ ಏಳುತ್ತದೆ. ಇಷ್ಟೆಲ್ಲ ತೊಡಕಿರುವಾಗ ಹೋಗುವುದಾದರೂ ಏಕೆ? ಇವಾನ್ ಇಲಿಚ್ ಎಂಬ ವಿಚಾರವಂತರು 1968ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಕ್ವೆರ್ನವಾಕಾ ನಗರದಲ್ಲಿ ಹೇಳಿದ್ದು ಇದನ್ನೇ. ಬೇಸಗೆ ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆ ಬರುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ ನಿಂತು, ನೋಡಲು ಬನ್ನಿ, ಕಲಿಯಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಆದರೆ ಉಪಕಾರ ಮಾಡಲು ಮಾತ್ರ ಬರಬೇಡಿ ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. ಊರವರ ಭಾಷೆ ತಿಳಿಯದ ನಿಮಗೆ, ಅವರು ನಿಮ್ಮನ್ನು ಬೈದರೂ ಅರ್ಥವಾಗದು ಎಂಬುದು ಅವರ ವಾದದ ತಿರುಳು. ಈ ಮಾತನ್ನು ಓದುವಾಗ ನನಗೆ ಸಂತೋಷವೂ ಆಯಿತು, ಸಿಟ್ಟೂ ಬಂತು. ಸಂತೋಷವೇಕೆಂದರೆ ಮಾತು ನಿಜ. ಎರಡು ವಾರದ ಮಟ್ಟಿಗೆ ಹೋಗಿ, ಚೆನ್ನಾಗಿಯೇ ಇದ್ದ ಗೋಡೆಗೆ ಬಣ್ಣ ಬಳಿದು, ಮಕ್ಕಳನ್ನು ಎತ್ತಿಕೊಂಡು ಚಿತ್ರ ತೆಗೆಸಿ ಮರಳುವ ಸೇವೆ ಇಂದಿಗೂ ನಿಂತಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದ ಊರಿನ ಜುಟ್ಟಿಗೆ ಮಲ್ಲಿಗೆ ಮುಡಿಸಿ ಬರುವ ಕೆಲಸವದು.

ಸಿಟ್ಟೇಕೆಂದರೆ, ಯಾರೂ ಹೋಗದಿದ್ದರೆ ವಿಕೋಸಿನ ಗುತ್ತಿಗೆ ಇನ್ನೊಬ್ಬ ಧಣಿಯ ಕೈಗೆ ಹೋಗುತ್ತಿತ್ತು, ಅಷ್ಟೆ. ನನ್ನ ತಾತನಿಗೂ ‘ಕಾನೂನು ಬಂದಿದೆ, ನೀನು ದುಡಿಯಬೇಕಾದ್ದಿಲ್ಲ’ ಎಂದು ಹೇಳಿದವರು ಹೊರಗಿನಿಂದ ಬಂದವರೇ. ಅವರು ಬಾರದೆ ಇದ್ದಿದ್ದರೆ ನಾನಿಂದು ಈ ಲೇಖನ ಬರೆಯುತ್ತಿರಲಿಲ್ಲ. ಆದ್ದರಿಂದ ಹೋಗಲೇಬೇಡಿ ಎಂಬ ಉಪದೇಶ ಸ್ವತಂತ್ರರಾದವರಿಗೆ ಸಲ್ಲುತ್ತದೆಯೇ ಹೊರತು, ಬಾಯಿ ಕಟ್ಟಿಸಿಕೊಂಡವರಿಗೆ ಸಲ್ಲುವುದಿಲ್ಲ. ಹೋಗಬೇಕೆ ಬೇಡವೆ ಎಂಬುದಕ್ಕಿಂತ ಹೇಗೆ ಹೋಗಬೇಕೆಂಬುದು ಮುಖ್ಯ.

ಅದಕ್ಕೊಂದು ನಿದರ್ಶನ ನಮ್ಮ ನೆರೆಯಲ್ಲೇ ಇದೆ. ಬಾಂಗ್ಲಾದೇಶದ ಚಿತ್ತಗಾಂಗ್ ವಿಶ್ವವಿದ್ಯಾಲಯದ ಪಕ್ಕದಲ್ಲಿ ಜೋಬ್ರಾ ಎಂಬ ಹಳ್ಳಿಯಿದೆ. 1974ರ ಕ್ಷಾಮವನ್ನು ಕಂಡು ಮನ ಕಲಕಿದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ ತಮ್ಮ ವಿದ್ಯಾರ್ಥಿಗಳೊಡನೆ ಆ ಹಳ್ಳಿಗೆ ನಡೆದರು. ಮಳೆಯಿಲ್ಲದ ಕಾಲದಲ್ಲಿ ಕೆಲಸವಿಲ್ಲದೆ ಬಿದ್ದಿದ್ದ ಕೊಳವೆಬಾವಿಯನ್ನು ಹೂಡಿ ಮತ್ತೊಂದು ಬೆಳೆ ತೆಗೆಸುವುದು ಅವರ ಮೊದಲ ಯತ್ನ. ಬೆಳೆಯೇನೋ ಬಂತು; ಆದರೆ ಲಾಭ ಸೇರಿದ್ದು ಹೆಚ್ಚಾಗಿ ಹೊಲವುಳ್ಳವರಿಗೆ. ಕೂಲಿಗಾಗಿ ಭತ್ತ ಬಿಡಿಸಲು ಬರುತ್ತಿದ್ದ ಭೂಹೀನ ಹೆಂಗಸರ ಪಾಡು ಇದ್ದಲ್ಲಿಯೇ ಉಳಿಯಿತು. ಆಗ ಅವರು ಇನ್ನೊಂದು ಯೋಜನೆಯನ್ನು ತಲೆಯಲ್ಲಿ ಕಟ್ಟಿಕೊಂಡು ಬರಲಿಲ್ಲ. ಮನೆಮನೆಗೆ ಹೋಗಿ ಕೇಳಿದರು. 1976ರಲ್ಲಿ ವಿದ್ಯಾರ್ಥಿಯೊಬ್ಬಳ ನೆರವಿನಿಂದ ತಯಾರಾದ ಪಟ್ಟಿಯಲ್ಲಿ 42 ಜನರಿದ್ದರು. ಸಾಲ ಕೊಟ್ಟ ವ್ಯಾಪಾರಿಗಳ ಕೈಯಲ್ಲಿ ಅವರೆಲ್ಲ ಸಿಕ್ಕಿಬಿದ್ದಿದ್ದರು. ಅವರೆಲ್ಲರಿಗೂ ಸೇರಿ ಬೇಕಾಗಿದ್ದ ಹಣವೆಷ್ಟು? 856 ಟಾಕಾ! ಕೇಳದಿದ್ದರೆ ಈ ಅಂಕಿ ಯಾವ ಅರ್ಥಶಾಸ್ತ್ರದ ಗ್ರಂಥದಲ್ಲಿಯೂ ಸಿಗುತ್ತಿರಲಿಲ್ಲ. ಆ ಕೇಳ್ವಿಕೆಯಿಂದಲೇ 1983ರಲ್ಲಿ ಗ್ರಾಮೀಣ ಬ್ಯಾಂಕ್ ಪೂರ್ಣಪ್ರಮಾಣದ ಬ್ಯಾಂಕಾಯಿತು. 2006ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಬಂತು.

ಆದರೆ ಕೇಳುವುದನ್ನು ನಿಲ್ಲಿಸಿದರೆ ಇದೇ ಉಪಕಾರ ಏನಾಗುತ್ತದೆಂಬುದನ್ನೂ ನಾವು ಕಂಡಿದ್ದೇವೆ. ಕಿರುಸಾಲದ ಹೆಸರಿನಲ್ಲಿ ಬಾಗಿಲಿಗೆ ಬಂದು ಕುಳಿತು ಕಂತು ಕೇಳುವವರ ಕಾಟವನ್ನು ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಒಂದು ಹಳ್ಳಿಯಲ್ಲಿ ಬಾಯಿ ಬಿಡಿಸಿದ ಉಪಾಯ ಇನ್ನೊಂದು ಹಳ್ಳಿಯಲ್ಲಿ ಬಾಯಿ ಕಟ್ಟಬಲ್ಲುದು.

ಇಷ್ಟನ್ನು ಓದಿದ ಮೇಲೆ ನನಗೆ ಕೆಲವು ನಿಯಮಗಳು ಹೊಳೆದಿವೆ. ಪರದೇಶದ ಹಳ್ಳಿಗೆ ಹೋಗುವವರಿಗೂ ಪಕ್ಕದ ಹಳ್ಳಿಗೆ ಹೋಗುವ ನಮಗೂ ಇವು ಸಮಾನವಾಗಿ ಸಲ್ಲುತ್ತವೆಂದು ಭಾವಿಸಿದ್ದೇನೆ. ಮೊದಲನೆಯದು, ಕರೆದಲ್ಲಿಗೆ ಹೋಗಬೇಕು. ಕರೆಯದಿದ್ದರೆ ಬರಬಹುದೇ ಎಂದು ಕೇಳಿ ಹೋಗಬೇಕು. ಎರಡನೆಯದು, ಅಲ್ಲಿನ ಮಾತನ್ನು ಕಲಿಯಬೇಕು. ಒಂದೇ ಭಾಷೆಯವರಾದರೂ ಓದಿದವರ ಮಾತೊಂದು, ಊರವರ ಮಾತೊಂದು. ಮೂರನೆಯದು, ಕೆಲಸದ ಹಿಡಿತ ಊರವರ ಕೈಯಲ್ಲಿರಬೇಕು. ನಾವು ಅವರ ಆಳುಗಳಾಗಿರಬೇಕೇ ಹೊರತು ಅವರು ನಮ್ಮ ವರದಿಯ ಅಂಕಿಗಳಾಗಬಾರದು. ನಾಲ್ಕನೆಯದು, ವರ್ಷ ಕಳೆದ ಮೇಲೆ ಮರಳಿ ಹೋಗಿ ನೋಡಬೇಕು, ಬೈಸಿಕೊಳ್ಳಬೇಕಾದರೆ ಬೈಸಿಕೊಳ್ಳಬೇಕು.

ನಮ್ಮ ರಾಷ್ಟ್ರೀಯ ಸೇವಾ ಯೋಜನೆ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದುದು. ಅದರ ಧ್ಯೇಯವನ್ನು ನಾನು ಹಳಿಯುವವನಲ್ಲ. ಅದರಲ್ಲಿ ಸೇರಿದ್ದರಿಂದಲೇ ನನಗೆ ಅಜ್ಜಿಯ ಮಾತು ಕೇಳುವ ಭಾಗ್ಯ ಬಂತು. ಗುರುಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಮುಂದಿನ ಶಿಬಿರಕ್ಕೆ ಮೊದಲು ನಾಲ್ಕಾರು ವಿದ್ಯಾರ್ಥಿಗಳು ಹಾರೆ ಗುದ್ದಲಿಗಳಿಲ್ಲದೆ, ಬರಿಗೈಯಲ್ಲಿ, ಎರಡು ಮೂರು ಸಲ ಆ ಊರಿಗೆ ಹೋಗಿ ಬರಲಿ. ಚಾವಡಿಯಲ್ಲಿ ಗಂಡಸರನ್ನು ಕೇಳಿದಂತೆಯೇ ಹಿತ್ತಿಲಲ್ಲಿ ಹೆಂಗಸರನ್ನೂ ಕೇಳಲಿ. ‘ನಿಮ್ಮೂರಿಗೆ ನಾವು ಬೇಡ’ ಎಂದು ಊರವರು ಹೇಳಿದರೆ ಅದನ್ನು ಅಪಮಾನವೆಂದೆಣಿಸದೆ, ಅವರು ನಮಗೆ ಕಲಿಸಿದ ಮೊದಲ ಪಾಠವೆಂದು ಬರೆದುಕೊಳ್ಳಲಿ.

ಕಡೆಯದಾಗಿ ನನ್ನದೊಂದು ಅಂಜಿಕೆಯನ್ನು ಹೇಳಿ ಮುಗಿಸುತ್ತೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಈಗೀಗ ಊರಿಗೆ ಹೋದರೆ ಜಗಲಿಯಲ್ಲಿ ನನಗೆ ಚಾಪೆ ಹಾಸುತ್ತಾರೆ. ನಾನಾಡಿದ ಮಾತಿಗೆಲ್ಲ ನಮ್ಮಪ್ಪ ‘ಓದಿದ್ದೀಯ, ನಿನಗೆ ಗೊತ್ತಿರ್ತದೆ’ ಎಂದು ತಲೆಯಾಡಿಸುತ್ತಾರೆ. ಅದನ್ನು ಕೇಳಿದಾಗ ಎದೆ ಉಬ್ಬುವುದಕ್ಕೆ ಬದಲು ಈಗ ಹೆದರಿಕೆಯಾಗುತ್ತದೆ. ತಾತನಿಗೆ ಭಯದಿಂದ ಬಾಯಿ ಬರಲಿಲ್ಲ. ಆ ಅಜ್ಜಿಗೆ ಮಮತೆಯಿಂದ ಬಾಯಿ ಬರಲಿಲ್ಲ. ಅಪ್ಪನಿಗೆ ನನ್ನ ಪದವಿಯ ಮೇಲಿನ ಗೌರವದಿಂದ ಬಾಯಿ ಕಟ್ಟಿಹೋದರೆ ನಾನು ಕಲಿತು ಏನು ಬಂತು? ಇನ್ನು ಕೆಲವೇ ದಿನಗಳಲ್ಲಿ ಪದವಿ ಪಡೆದು ನಾವೆಲ್ಲ ದಿಕ್ಕುದಿಕ್ಕಿಗೆ ಹೊರಡುವವರು. ಕೆಲವರು ಅಧಿಕಾರಿಗಳಾಗುವರು, ಕೆಲವರು ಉಪಾಧ್ಯಾಯರಾಗುವರು, ಯಾರಾದರೊಬ್ಬರು ಸಾಗರ ದಾಟಿ ಬಡ ನಾಡುಗಳಿಗೂ ಹೋಗಬಹುದು. ಎಲ್ಲಿಗೆ ಹೋದರೂ, ನಾವು ನೆರವಾಗಲು ಹೊರಟವರು ನಮ್ಮ ಮುಖ ನೋಡಿ ನಿರ್ಭಯವಾಗಿ, ನಿಸ್ಸಂಕೋಚವಾಗಿ ‘ಇದು ನಮಗೆ ಬೇಡ’ ಎನ್ನುವಂತಾಗಲಿ. ಅವರು ಹಾಗೆನ್ನಬಲ್ಲ ದಿನ, ಅವರು ‘ಬೇಕು’ ಎಂದದ್ದಕ್ಕೂ ಒಂದು ಬೆಲೆ ಬಂದೀತು.